ಒಂದೇ ಲೊಕೇಲ್, ಯಂತ್ರಕ್ಕೊಂದು ಹೆಸರು

ಫೈಲುಗಳ ಹೆಸರಿರಬೇಕಾದ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಆ ಸ್ಕ್ರೀನ್‌ಶಾಟ್ ಕಳಿಸಿದವರು ಜೊತೆಗೆ ಇಷ್ಟೇ ಬರೆದಿದ್ದರು: ‘ಸರ್ವರ್ ಎದುರಿಗೇ ಕೂತು ಓಡಿಸಿದರೆ ಸರಿಯಾಗಿ ಬರುತ್ತೆ. ನನ್ನ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆದರೆ ಮಾತ್ರ ಹೀಗೆ. ಸ್ವಲ್ಪ ನೋಡ್ತೀರಾ?’

ಪ್ರೋಗ್ರಾಮ್ ನಾನು ಬರೆದದ್ದು. ಒಂದು ಫೋಲ್ಡರಿನಲ್ಲಿರುವ ಫೈಲುಗಳನ್ನು ಅಕಾರಾದಿಯಾಗಿ ಜೋಡಿಸಿ ತೋರಿಸುವುದು ಅದರ ಮುಖ್ಯ ಕೆಲಸ. ನನ್ನ ಲಿನಕ್ಸ್ ಯಂತ್ರದಲ್ಲಿ ಅದು ಒಂದು ದಿನವೂ ತಕರಾರು ಮಾಡಿರಲಿಲ್ಲ. ಅವರ ಲ್ಯಾಪ್‌ಟಾಪ್ ಮ್ಯಾಕ್, ಸರ್ವರ್ ಲಿನಕ್ಸ್, ನಡುವೆ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್. ಯಂತ್ರದ ಭಾಷೆ, ದೇಶಗಳ ಸೆಟ್ಟಿಂಗ್‌ಗೆ ಲೊಕೇಲ್ ಎನ್ನುತ್ತಾರೆ. ಲಾಗಿನ್ ಆದ ಮೇಲೆ ‘ಲೊಕೇಲ್’ ಎಂಬ ಕಮಾಂಡ್ ಓಡಿಸಿ, ಬಂದದ್ದನ್ನೆಲ್ಲ ಕಳಿಸಿ ಎಂದೆ. ಕಳಿಸಿದ್ದರಲ್ಲಿ ಒಂದು ಸಾಲಿನ ಮೇಲೆ ಕಣ್ಣು ನಿಂತಿತು: ಎಲ್‌ಸಿ_ಸಿಟೈಪ್ = ಯುಟಿಎಫ್-8. ಭಾಷೆ ಇಲ್ಲ, ದೇಶ ಇಲ್ಲ, ಬರೀ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ.

ಮ್ಯಾಕ್‌ನಲ್ಲಿ ಇದು ತಪ್ಪಲ್ಲ. ಅಕ್ಷರಗಳಿಗೆ ಸಂಬಂಧಿಸಿದ ವಿಭಾಗಕ್ಕೆ ಅಲ್ಲಿ ‘ಯುಟಿಎಫ್-8’ ಎಂಬುದೇ ಒಪ್ಪಿತವಾದ ಲೊಕೇಲ್ ಹೆಸರು. ಎಸ್‌ಎಸ್‌ಎಚ್ ತನ್ನ ಪಾಡಿಗೆ ಆ ಹೆಸರನ್ನು ಸರ್ವರಿಗೆ ಹೊತ್ತೊಯ್ದಿತ್ತು. ‘ಲ್ಯಾಂಗ್’ ಮತ್ತು ‘ಎಲ್‌ಸಿ’ಯಿಂದ ಶುರುವಾಗುವ ವೇರಿಯಬಲ್‌ಗಳನ್ನು ದಾಟಿಸಬೇಕು ಎಂದು ಅದರ ಸೆಟ್ಟಿಂಗ್‌ನಲ್ಲೇ ಬರೆದಿರುತ್ತದೆ. ಲಿನಕ್ಸಿನಲ್ಲಿ ಪ್ರೋಗ್ರಾಮ್‌ಗಳು ಆತುಕೊಳ್ಳುವ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಗೆ ಆ ಹೆಸರಿನ ಪರಿಚಯವೇ ಇಲ್ಲ. ನನ್ನ ಪ್ರೋಗ್ರಾಮ್ ಶುರುವಾಗುತ್ತಲೇ ‘ಸೆಟ್‌ಲೊಕೇಲ್’ ಫಂಕ್ಷನ್ ಕರೆಯುತ್ತಿತ್ತು. ಹೆಸರು ಸಿಗದಿದ್ದರೆ ಅದು ‘ನಲ್’, ಅಂದರೆ ‘ಏನೂ ಇಲ್ಲ’ ಎಂಬ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಆ ‘ನಲ್’ ಬಂತೋ ಇಲ್ಲವೋ ಎಂದು ನಾನು ನೋಡುತ್ತಿರಲಿಲ್ಲ. ಹಾಗಾಗಿ ಪ್ರೋಗ್ರಾಮ್ ತಾನು ಹುಟ್ಟಿದ ‘ಸಿ’ ಲೊಕೇಲ್‌ನಲ್ಲೇ ಉಳಿಯಿತು. ಆ ಲೊಕೇಲ್‌ನಲ್ಲಿ ಕನ್ನಡ ಅಕ್ಷರ ಎನ್ನುವುದೇ ಇಲ್ಲ.

ತಿದ್ದಿದ್ದು ನಾಲ್ಕೇ ಸಾಲು. ಆದರೆ ಅದೇ ಪ್ರೋಗ್ರಾಮನ್ನು ಮರುದಿನ ವಿಂಡೋಸ್‌ನಲ್ಲಿ ಓಡಿಸಿ ನೋಡಿದಾಗ, ನಾನು ತಿದ್ದಿದ್ದು ಒಂದು ದೊಡ್ಡ ಹರುಕಿನ ತುದಿಯನ್ನಷ್ಟೇ ಎಂದು ತಿಳಿಯಿತು. ಆಮೇಲೆ ತಿಂಗಳುಗಟ್ಟಲೆ ಈ ಹೆಸರುಗಳ ಬೆನ್ನು ಹತ್ತಿದೆ. ಇಲ್ಲಿ ಬರೆಯುತ್ತಿರುವುದು ಆ ಓಡಾಟದಲ್ಲಿ ಕಂಡದ್ದು. (ಕೋಡ್‌ಗಳನ್ನು ಬಾಯಲ್ಲಿ ಹೇಳುವಂತೆಯೇ ಬರೆಯುತ್ತೇನೆ. ‘ಕೆಎನ್’ ಎಂದರೆ ಕೀಬೋರ್ಡಿನ ಆ ಎರಡು ರೋಮನ್ ಅಕ್ಷರಗಳು ಎಂದು ಓದಿಕೊಳ್ಳಿ.)

ಲೊಕೇಲ್ ಎಂದರೆ ಭಾಷೆಯ ಹೆಸರಷ್ಟೇ ಅಲ್ಲ. ದಿನಾಂಕ ಹೇಗೆ ಬರೆಯಬೇಕು, ದಶಾಂಶಕ್ಕೆ ಚುಕ್ಕೆಯೋ ಅಲ್ಪವಿರಾಮವೋ, ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ವಾರ ಯಾವ ದಿನ ಶುರುವಾಗುತ್ತದೆ, ಇವೆಲ್ಲ ಅದರ ಹಿಂದೆ ನಿಂತಿವೆ. ಈ ಇಡೀ ಗಂಟನ್ನು ಕೇಳಿ ಪಡೆಯಲು ನಮ್ಮ ಕೈಯಲ್ಲಿರುವುದು ಒಂದು ಸಣ್ಣ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು ಮಾತ್ರ. ಆ ಸ್ಟ್ರಿಂಗ್ ಹೇಗಿರಬೇಕು ಎಂಬುದರಲ್ಲೇ ಒಮ್ಮತವಿಲ್ಲ.

ಯುನಿಕ್ಸ್ ಮನೆತನದಲ್ಲಿ ಭಾಷೆ, ಅಂಡರ್‌ಸ್ಕೋರ್, ದೇಶ, ಚುಕ್ಕೆ, ಎನ್‌ಕೋಡಿಂಗ್, ಕೊನೆಗೆ ಬೇಕಿದ್ದರೆ ‘@’ ಹಾಕಿ ಒಂದು ವಿಶೇಷಣ, ಹೀಗೆ ಬರೆಯುವ ರೂಢಿ ಇದೆ: ಕೆಎನ್_ಐಎನ್.ಯುಟಿಎಫ್-8. ರೂಢಿ ಎಂದದ್ದು ಬೇಕೆಂದೇ. ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗಾಗಿ ಇರುವ ಪೊಸಿಕ್ಸ್ ಮಾನಕ ಖಚಿತವಾಗಿ ಹೇಳುವ ಹೆಸರುಗಳು ಎರಡೇ, ‘ಸಿ’ ಮತ್ತು ‘ಪೊಸಿಕ್ಸ್’. ಆ ಎರಡೂ ಒಂದೇ ಲೊಕೇಲ್‌ನ ಹೆಸರುಗಳು. ಉಳಿದದ್ದನ್ನು ಅದು ಆಯಾ ವ್ಯವಸ್ಥೆಗೆ ಬಿಟ್ಟಿದೆ. ಇಷ್ಟೆಲ್ಲ ಗೊಂದಲದ ಬೇರು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಮಾನಕ ಕೈಬಿಟ್ಟ ಕಡೆ ಪ್ರತಿಯೊಬ್ಬರೂ ತಮಗೆ ಸರಿ ಕಂಡದ್ದನ್ನು ಮಾಡಿದರು, ಆಗಿನ ಮಟ್ಟಿಗೆ ಅದು ಸರಿಯಾಗಿಯೂ ಇತ್ತು.

ಗ್ಲಿಬ್‌ಸಿ ಎನ್‌ಕೋಡಿಂಗ್ ಹೆಸರನ್ನು ತನ್ನೊಳಗೆ ಸಪಾಟು ಮಾಡಿಕೊಳ್ಳುತ್ತದೆ. ದೊಡ್ಡಕ್ಷರವನ್ನು ಸಣ್ಣಕ್ಷರ ಮಾಡಿ, ಹೈಫನ್ ತೆಗೆದುಹಾಕುತ್ತದೆ. ಆದ್ದರಿಂದ ‘ಯುಟಿಎಫ್-8’ ಎಂದರೂ ‘ಯುಟಿಎಫ್8’ ಎಂದರೂ ಅದಕ್ಕೆ ಒಂದೇ. ಇರುವ ಲೊಕೇಲ್‌ಗಳ ಪಟ್ಟಿ ಕೇಳಿದರೆ ಹೈಫನ್ ಇಲ್ಲದ ರೂಪವನ್ನೇ ತೋರಿಸುತ್ತದೆ. ಆ ಪಟ್ಟಿಯಿಂದ ನಕಲು ಮಾಡಿದ ಹೆಸರನ್ನು ಮ್ಯಾಕ್‌ಗೆ ಕೊಟ್ಟರೆ ಅದು ಒಪ್ಪುವುದಿಲ್ಲ, ಅಲ್ಲಿ ಹೈಫನ್ ಬೇಕೇ ಬೇಕು. ಮುಸಲ್ ಎಂಬ ಇನ್ನೊಂದು ಸಿ ಲೈಬ್ರರಿ ಇದೆ, ಚಿಕ್ಕ ಕಂಟೇನರ್‌ಗಳಲ್ಲಿ ಬಹಳ ಬಳಕೆಯಲ್ಲಿರುವುದು. ಅದು ಹೆಚ್ಚುಕಡಿಮೆ ಯಾವ ಹೆಸರು ಕೊಟ್ಟರೂ ‘ಆಗಲಿ’ ಎನ್ನುತ್ತದೆ, ಆದರೆ ಪದಗಳನ್ನು ಜೋಡಿಸುವುದು ಮಾತ್ರ ಬೈಟುಗಳ ಕ್ರಮದಲ್ಲೇ. ಅಂದರೆ ‘ನಲ್’ ಬರಲಿಲ್ಲ ಎಂದಮಾತ್ರಕ್ಕೆ ಕೇಳಿದ್ದು ಸಿಕ್ಕಿತು ಎಂದುಕೊಳ್ಳುವ ಹಾಗಿಲ್ಲ. ನನ್ನ ನಾಲ್ಕು ಸಾಲಿನ ತಿದ್ದುಪಡಿ ಮುಸಲ್‌ನಲ್ಲಿ ಏನನ್ನೂ ಹಿಡಿಯಲಿಲ್ಲ.

ಭಾಷೆಯ ಹಂಗಿಲ್ಲದೆ ಬರೀ ಯುಟಿಎಫ್-8 ಬೇಕೆಂದರೆ ‘ಸಿ.ಯುಟಿಎಫ್-8’ ಇದೆ ಎನ್ನುತ್ತಾರೆ. ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲಿ ಅದು ಬಹಳ ಕಾಲದಿಂದ ಇದ್ದರೂ ಗ್ಲಿಬ್‌ಸಿಯ ಮೂಲಕ್ಕೆ ಸೇರಿದ್ದು 2022ರಲ್ಲಿ, 2.35ನೇ ಆವೃತ್ತಿಯಲ್ಲಿ. ಪೈಥಾನ್ 3.7 ಈ ಸಮಸ್ಯೆಯನ್ನು ಎದುರಿಸಿದ ರೀತಿಯನ್ನು ಓದಿದಾಗ ನನಗೆ ಸಮಾಧಾನವಾಯಿತು. ತಾನು ‘ಸಿ’ ಲೊಕೇಲ್‌ನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಗೊತ್ತಾದರೆ ಅದು ‘ಸಿ.ಯುಟಿಎಫ್-8’, ‘ಸಿ.ಯುಟಿಎಫ್8’, ‘ಯುಟಿಎಫ್-8’ ಎಂಬ ಮೂರು ಹೆಸರುಗಳನ್ನು ಒಂದಾದ ಮೇಲೊಂದರಂತೆ ಪ್ರಯತ್ನಿಸುತ್ತದೆ. ಮೂರನೆಯದು, ನನ್ನನ್ನು ಕಾಡಿದ ಅದೇ ಹೆಸರು. ಎಲ್ಲ ಯಂತ್ರಗಳಿಗೂ ಒಪ್ಪುವ ಒಂದು ಹೆಸರನ್ನು ಹುಡುಕುತ್ತ ಕೂರುವ ಬದಲು, ಬೇರೆಬೇರೆ ಹೆಸರಿನಿಂದ ಕೂಗಿ ನೋಡುವುದು. ಆ ಉಪಾಯವನ್ನು ಅಲ್ಲಿಂದಲೇ ಕಲಿತೆ.

ಇನ್ನು ವಿಂಡೋಸ್. ಅಲ್ಲಿ ಮೂರು ಕಾಲದ ಹೆಸರುಗಳು ಪಕ್ಕಪಕ್ಕದಲ್ಲೇ ಬದುಕುತ್ತಿವೆ. ಹಳೆಯದು ಸಂಖ್ಯೆ: ಕನ್ನಡಕ್ಕೆ 1099, ಹದಿನಾರರ ಎಣಿಕೆಯಲ್ಲಿ 044ಬಿ. ವಿಸ್ಟಾ ಕಾಲದಿಂದ ‘ಕೆಎನ್-ಐಎನ್’ ಎಂಬ ಹೈಫನ್ ರೂಪ ಬಂತು. ಆದರೆ ಸಿ ಲೈಬ್ರರಿಯ ಸೆಟ್‌ಲೊಕೇಲ್‌ಗೆ ಖಾಲಿ ಹೆಸರು ಕೊಟ್ಟು ಕರೆದರೆ ಅದು ‘ಇಂಗ್ಲಿಷ್_ಯುನೈಟೆಡ್ ಸ್ಟೇಟ್ಸ್.1252’ ಎಂಬಂಥ ಉದ್ದ ಹೆಸರನ್ನು ಹಿಂದಿರುಗಿಸುತ್ತದೆ. ಭಾಷೆ ಮತ್ತು ದೇಶದ ಇಂಗ್ಲಿಷ್ ಹೆಸರು, ಚುಕ್ಕೆ, ಕೋಡ್‌ಪೇಜ್ (ವಿಂಡೋಸ್‌ನಲ್ಲಿ ಎನ್‌ಕೋಡಿಂಗ್‌ಗೆ ಇರುವ ಹೆಸರು) ಸಂಖ್ಯೆ.

ಮನುಷ್ಯರು ಓದಲೆಂದು ಇಟ್ಟ ಹೆಸರನ್ನು ಯಂತ್ರಕ್ಕೆ ಬೀಗದಕೈಯಾಗಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಉದ್ದ ಹೆಸರುಗಳಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಇದನ್ನು ತಿಳಿಯಬೇಕೆಂದರೆ ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸಿನ ಮೂಲಕೋಡಿನಲ್ಲಿ, ವಿಂಡೋಸ್‌ನ ಸೆಟ್‌ಲೊಕೇಲ್‌ಗಾಗಿಯೇ ಇಟ್ಟಿರುವ ಒಂದು ಚಿಕ್ಕ ಫೈಲ್ ಓದಬೇಕು. ನಾರ್ವೆಯ ಬೋಕ್ಮೋಲ್ ಭಾಷೆಯ ಲೊಕೇಲ್ ಹೆಸರಿನಲ್ಲಿ, ತಲೆಯ ಮೇಲೆ ಸಣ್ಣ ಸೊನ್ನೆ ಇರುವ ‘ಎ’ ಅಕ್ಷರವಿದೆ. ಅದು ಆಸ್ಕಿ ಎಂಬ ಮೂಲ ಇಂಗ್ಲಿಷ್ ಅಕ್ಷರಪಟ್ಟಿಯಲ್ಲಿಲ್ಲ. ಎಂದ ಮೇಲೆ ಆ ಹೆಸರನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಓದಬೇಕು? ಎನ್‌ಕೋಡಿಂಗ್ ಯಾವುದು ಎಂದು ತಿಳಿಯಬೇಕಾದರೆ ಹೆಸರು ಓದಬೇಕು, ಹೆಸರು ಓದಬೇಕಾದರೆ ಎನ್‌ಕೋಡಿಂಗ್ ತಿಳಿದಿರಬೇಕು. ಅದಕ್ಕೇ ಆ ಫೈಲು ಅದನ್ನು ‘ನಾರ್ವೇಜಿಯನ್_ನಾರ್ವೆ’ ಎಂದು ಬದಲಿಸುತ್ತದೆ. ಹಾಂಗ್‌ಕಾಂಗ್‌ನದು ಇನ್ನೊಂದು ಬಗೆ. ವಿಂಡೋಸ್ ಅದನ್ನು ‘ಹಾಂಗ್‌ಕಾಂಗ್ ಎಸ್.ಎ.ಆರ್.’ ಎಂದು ಕರೆಯುತ್ತಿತ್ತು, ಹೆಸರಿನೊಳಗೇ ಮೂರು ಚುಕ್ಕೆ. ಅದರ ಹಿಂದೆ ಕೋಡ್‌ಪೇಜಿನ ಚುಕ್ಕೆ ಬೇರೆ, ಆಮೇಲೆ 950. ಸೆಟ್‌ಲೊಕೇಲ್ ತಾನೇ ಕೊಟ್ಟ ಈ ಹೆಸರನ್ನು ಮತ್ತೆ ಅದಕ್ಕೇ ಕೊಟ್ಟರೆ ಗುರುತಿಸುತ್ತಿರಲಿಲ್ಲ.

ನನ್ನ ಪ್ರೋಗ್ರಾಮ್ ಮುಗ್ಗರಿಸಿದ್ದೂ ಇಂಥ ಕಡೆಯೇ. ಮೊದಲ ಚುಕ್ಕೆ ಎಲ್ಲಿ ಸಿಗುತ್ತದೋ ಅಲ್ಲಿ ಹೆಸರನ್ನು ಕತ್ತರಿಸುತ್ತಿದ್ದೆ. ಕೊನೆಯ ಚುಕ್ಕೆಯಲ್ಲಿ ಕತ್ತರಿಸಬೇಕಿತ್ತು.

ಉದ್ದ ಹೆಸರುಗಳ ಮೂರನೆಯ ಉದಾಹರಣೆ ತೀರ ಈಚಿನದು. 2022ರಲ್ಲಿ ಟರ್ಕಿ ವಿಶ್ವಸಂಸ್ಥೆಯಲ್ಲಿ ತನ್ನ ಹೆಸರನ್ನು ‘ತುರ್ಕಿಯೆ’ ಎಂದು ಬದಲಿಸಿಕೊಂಡಿತು. ಆಮೇಲೆ ವಿಂಡೋಸ್ ಅಪ್‌ಡೇಟ್‌ನಲ್ಲಿ ಲೊಕೇಲ್‌ನ ಉದ್ದ ಹೆಸರೂ ಬದಲಾಯಿತು. ದೇಶ ತನ್ನನ್ನು ಏನೆಂದು ಕರೆದುಕೊಳ್ಳುತ್ತದೋ ಹಾಗೆ ಕರೆಯುವುದು ಸರಿಯೇ. ಆದರೆ ಹಳೆಯ ಹೆಸರನ್ನು ತಮ್ಮೊಳಗೆ ಬರೆದಿಟ್ಟುಕೊಂಡಿದ್ದ ಡೇಟಾಬೇಸ್‌ಗಳು, ಅಪ್‌ಡೇಟ್ ಆದ ಮೇಲೆ ಆ ಹೆಸರಿನ ಲೊಕೇಲ್ ಸಿಗದೆ ತೆರೆಯಲಾಗದೆ ನಿಂತವು. ಡೇಟಾದಲ್ಲಿ ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಉದ್ದ ಹೆಸರನ್ನು ಕೋಡಿನಲ್ಲಿ ಬರೆಯಬೇಡಿ, ಡಿಸ್ಕಿನಲ್ಲಿ ಉಳಿಸಬೇಡಿ, ಅಪ್‌ಡೇಟ್‌ನಲ್ಲಿ ಬದಲಾದೀತು ಎಂದು ಮೈಕ್ರೋಸಾಫ್ಟ್‌ನ ದಾಖಲೆಯೇ ಹೇಳುತ್ತದೆ. ಆ ಸಾಲನ್ನು ನಾನು ಓದಿದ್ದು ಬಹಳ ತಡವಾಗಿ.

ಕೋಡ್‌ಗಳಾದರೂ ಗಟ್ಟಿಯೇ ಎಂದರೆ ಅವೂ ಅಲುಗಾಡುತ್ತವೆ. ಇಂಡೊನೇಷ್ಯಾದ ಭಾಷೆಗೆ ಮೊದಲು ‘ಐಎನ್’ ಎಂಬ ಕೋಡಿತ್ತು, ಹೀಬ್ರೂಗೆ ‘ಐಡಬ್ಲ್ಯೂ’. 1989ರಲ್ಲಿ ಅವು ‘ಐಡಿ’ ಮತ್ತು ‘ಎಚ್‌ಇ’ ಆದವು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಹಳೆಯದನ್ನೇ ಹಿಡಿದುಕೊಂಡಿತು. ಹೊಸದನ್ನು ಕೊಟ್ಟರೂ ಒಳಗೆ ಹಳೆಯದಕ್ಕೆ ತಿರುಗಿಸುತ್ತಿತ್ತು. ಅದು ಬದಲಾದದ್ದು 2021ರಲ್ಲಿ ಬಂದ 17ನೇ ಆವೃತ್ತಿಯಲ್ಲಿ. ಸರ್ಬಿಯಾದ್ದು ಇನ್ನೂ ಸೂಕ್ಷ್ಮ. ಚೆಕೊಸ್ಲೊವಾಕಿಯಾದ ‘ಸಿಎಸ್’ ಕೋಡನ್ನು ಆ ದೇಶ ಹೋದ ಮೇಲೆ ‘ಸರ್ಬಿಯಾ ಮತ್ತು ಮಾಂಟೆನೆಗ್ರೊ’ಗೆ ಕೊಟ್ಟರು. 2006ರಲ್ಲಿ ಅದೂ ಎರಡಾಯಿತು, ಸರ್ಬಿಯಾ ‘ಆರ್‌ಎಸ್’ ಆಯಿತು. ಇದರ ಮೇಲೆ ‘ಸಿಎಸ್’ ಎಂಬುದು ಚೆಕ್ ಭಾಷೆಯ ಕೋಡ್ ಕೂಡ ಹೌದು.

ನಮ್ಮದೇ ಹೆಸರನ್ನು ನೋಡಿ, ಕೆಎನ್_ಐಎನ್. ಭಾಷೆಯ ಜಾಗದಲ್ಲಿ ‘ಕೆಎನ್’ ಎಂದರೆ ಕನ್ನಡ, ದೇಶದ ಜಾಗದಲ್ಲಿ ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ದ್ವೀಪರಾಷ್ಟ್ರ. ‘ಐಎನ್’ ದೇಶದ ಜಾಗದಲ್ಲಿ ಭಾರತ, ಭಾಷೆಯ ಜಾಗದಲ್ಲಿ ಹಳೆಯ ಇಂಡೊನೇಷ್ಯನ್. ನಾಲ್ಕು ಅಕ್ಷರಕ್ಕೆ ನಾಲ್ಕು ಅರ್ಥ! ಭಾಷೆ ಆಯ್ಕೆ ಮಾಡುವ ಒಂದು ಮೆನುವಿನಲ್ಲಿ ‘ಕನ್ನಡ’ ಎಂಬ ಪದದ ಪಕ್ಕ ಹಸಿರು ಕೆಂಪಿನ ನಡುವೆ ಓರೆಯಾದ ಕಪ್ಪು ಪಟ್ಟಿ, ಅದರಲ್ಲಿ ಎರಡು ಬಿಳಿ ನಕ್ಷತ್ರ ಇರುವ ಧ್ವಜವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬರೆದವರು ಭಾಷೆಯ ಕೋಡನ್ನು ದೇಶದ ಕೋಡಿನಂತೆ ಬಳಸಿ ಧ್ವಜದ ಚಿತ್ರ ಹುಡುಕಿದ್ದರು. ಭಾಷೆಗೆ ಧ್ವಜ ಅಂಟಿಸುವ ಅಭ್ಯಾಸವೇ ಬೇಡ, ಭಾಷೆಯ ಹೆಸರನ್ನು ಆ ಭಾಷೆಯಲ್ಲೇ ಬರೆದರೆ ಸಾಕು.

ಸಣ್ಣಕ್ಷರ ದೊಡ್ಡಕ್ಷರದ ವಿಷಯದಲ್ಲೂ ಒಂದು ಪೆಟ್ಟು ತಿಂದಿದ್ದೇನೆ. ಹೆಸರುಗಳನ್ನು ಹೋಲಿಸುವ ಮೊದಲು ಎಲ್ಲವನ್ನೂ ಸಣ್ಣಕ್ಷರಕ್ಕೆ ತರುವುದು ಎಲ್ಲರೂ ಮಾಡುವ ಕೆಲಸ. ಜಾವಾದಲ್ಲಿ ಹಾಗೆ ಮಾಡಿದೆ. ಟರ್ಕಿಶ್ ಲೊಕೇಲ್ ಇರುವ ಯಂತ್ರದಲ್ಲಿ ದೊಡ್ಡ ‘ಐ’ ಸಣ್ಣದಾಗುವಾಗ ಚುಕ್ಕೆಯಿಲ್ಲದ ‘ಐ’ ಆಗುತ್ತದೆ, ಅದು ಆ ಭಾಷೆಯ ನಿಯಮ, ಸರಿಯಾದ ನಿಯಮ. ಆದರೆ ನನ್ನ ‘ಐಎನ್’ ಚುಕ್ಕೆ ಕಳೆದುಕೊಂಡು ಬೇರೆಯೇ ಸ್ಟ್ರಿಂಗ್ ಆಯಿತು, ಪಟ್ಟಿಯಲ್ಲಿ ಸಿಗದೆ ಹೋಯಿತು. ಲೊಕೇಲ್ ಹೆಸರನ್ನು ಓದುವ ಕೋಡ್, ಲೊಕೇಲ್‌ಗೆ ತಕ್ಕಂತೆ ಬದಲಾಗುವ ಫಂಕ್ಷನ್‌ಗಳನ್ನು ಬಳಸಲೇಬಾರದು. ಬಿಸಿಪಿ 47 ಎಂಬ ಭಾಷಾ ಟ್ಯಾಗ್‌ಗಳ ಮಾನಕ ಇದೇ ಟರ್ಕಿಶ್ ಉದಾಹರಣೆ ಕೊಟ್ಟು ಎಚ್ಚರಿಸಿದೆ.

ಹೆಸರುಗಳನ್ನೆಲ್ಲ ಸರಿಹೊಂದಿಸಿದ ಮೇಲೂ ಉಳಿಯುವ ಒಂದು ವಿಷಯವಿದೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಅದೇ: ಹೆಸರು ಒಂದೇ ಇದ್ದು ಅರ್ಥ ಬದಲಾಗುವುದು. 2018ರ ಆಗಸ್ಟ್‌ನಲ್ಲಿ ಬಂದ ಗ್ಲಿಬ್‌ಸಿ 2.28ರಲ್ಲಿ ಪದಗಳನ್ನು ಜೋಡಿಸುವ ನಿಯಮಗಳನ್ನು ದೊಡ್ಡ ಪ್ರಮಾಣದಲ್ಲಿ ಪರಿಷ್ಕರಿಸಿದರು. ‘ಇಎನ್_ಯುಎಸ್.ಯುಟಿಎಫ್-8’ ಎಂಬ ಹೆಸರು ಹಾಗೇ ಉಳಿಯಿತು, ಅದರ ಹಿಂದಿನ ಕ್ರಮ ಬೇರೆಯಾಯಿತು. ಡೇಟಾಬೇಸಿನ ಇಂಡೆಕ್ಸ್ ಎಂದರೆ ಡಿಸ್ಕಿನ ಮೇಲೆ ಜೋಡಿಸಿಟ್ಟ ಪಟ್ಟಿ. ಹಳೆಯ ಕ್ರಮದಲ್ಲಿ ಜೋಡಿಸಿದ್ದನ್ನು ಹೊಸ ಕ್ರಮದ ಲೆಕ್ಕದಲ್ಲಿ ಹುಡುಕಿದರೆ, ಇರುವ ಸಾಲೇ ಇಲ್ಲ ಎಂದು ಉತ್ತರ ಬರುತ್ತದೆ. ಒಮ್ಮೆ ಮಾತ್ರ ಇರಬೇಕಾದದ್ದು ಎರಡು ಸಲ ಸೇರಿಕೊಳ್ಳುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪೋಸ್ಟ್‌ಗ್ರೆಸ್‌ಕ್ಯುಎಲ್ ಈಗ ಹೆಸರಿನ ಜೊತೆ ಆವೃತ್ತಿಯನ್ನೂ ಬರೆದಿಟ್ಟು, ಎರಡೂ ತಾಳೆಯಾಗದಿದ್ದರೆ ಹೇಳುತ್ತದೆ. 2024ರ 17ನೇ ಆವೃತ್ತಿಯಲ್ಲಂತೂ ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳುವ ಗೋಜೇ ಬೇಡವೆಂದು ತನ್ನದೇ ಒಂದು ‘ಸಿ.ಯುಟಿಎಫ್-8’ ಇಟ್ಟುಕೊಂಡಿತು.

ಇಷ್ಟೆಲ್ಲ ಓದಿ, ಎಡವಿ, ಕೊನೆಗೆ ನನ್ನ ಪ್ರೋಗ್ರಾಮಿನಲ್ಲಿ ಏನು ಮಾಡಿದೆ ಎಂದು ಹೇಳುತ್ತೇನೆ.

ಮೊದಲಿಗೆ, ಹೆಸರುಗಳಿಗೆಲ್ಲ ಒಂದು ದೊಡ್ಡ ಪಟ್ಟಿ ಮಾಡಿ ಇದಕ್ಕೆ ಅದು, ಅದಕ್ಕೆ ಇದು ಎಂದು ಹೊಂದಿಸಲು ಹೊರಟಿದ್ದೆ. ಇನ್ನೂರು ಸಾಲು ಆದ ಮೇಲೆ ಬಿಟ್ಟೆ. ತೊಂದರೆ ಪಟ್ಟಿಯ ಉದ್ದದ್ದಲ್ಲ. ಮೂರು ಬೇರೆ ಸಂಗತಿಗಳನ್ನು ಒಂದೇ ಸ್ಟ್ರಿಂಗ್‌ನಲ್ಲಿ ಇಟ್ಟಿದ್ದೇ ತೊಂದರೆ: ಬಳಸುವವರು ಬಯಸಿದ್ದು, ನನ್ನ ಪ್ರೋಗ್ರಾಮ್ ಅರ್ಥ ಮಾಡಿಕೊಂಡದ್ದು, ಈ ಯಂತ್ರ ಕೊಟ್ಟದ್ದು. ಲೊಕೇಲ್ ಹೆಸರು ಎಂಬುದು ಒಂದು ಬೇಡಿಕೆ. ಯಂತ್ರ ಅದನ್ನು ಪೂರ್ತಿ ನಡೆಸಿಕೊಡಬಹುದು, ಅರ್ಧ ನಡೆಸಿಕೊಡಬಹುದು, ನಡೆಸದೆಯೂ ಇರಬಹುದು. ಬೇಡಿಕೆಯನ್ನೂ ಸಿಕ್ಕಿದ್ದನ್ನೂ ಒಂದೇ ಎಂದುಕೊಂಡರೆ, ಸಿಗದಿದ್ದಾಗ ಬೇಡಿಕೆಯೇ ಅಳಿಸಿಹೋಗುತ್ತದೆ. ನನ್ನ ಹಳೆಯ ಕೋಡ್ ಅದನ್ನೇ ಮಾಡುತ್ತಿತ್ತು: ಲೊಕೇಲ್ ಸಿಗದಿದ್ದರೆ ‘ಸಿ’ಗೆ ಇಳಿದು, ಮುಚ್ಚುವಾಗ ಸೆಟ್ಟಿಂಗ್ ಫೈಲಿನಲ್ಲಿ ‘ಸಿ’ ಎಂದೇ ಬರೆದುಬಿಡುತ್ತಿತ್ತು. ಒಮ್ಮೆ ತಪ್ಪಾದ ಯಂತ್ರದಲ್ಲಿ ತೆರೆದರೆ ಸಾಕು, ಅವರು ಆರಿಸಿಕೊಂಡ ಭಾಷೆ ಎಲ್ಲ ಯಂತ್ರಗಳಲ್ಲೂ ಹೋಯಿತು. ಪ್ರಶ್ನಾರ್ಥಕ ಚಿಹ್ನೆಗಳಿಗಿಂತ ಇದು ನನಗೆ ಹೆಚ್ಚು ನೋವು ಕೊಟ್ಟಿತು. ತನ್ನ ಭಾಷೆಯಲ್ಲಿ ಕೆಲಸ ಮಾಡಬೇಕೆಂದು ಹುಡುಕಿ ಹುಡುಕಿ ಸೆಟ್ಟಿಂಗ್ ಬದಲಿಸಿಕೊಂಡವರ ಆಯ್ಕೆಯದು.

ಈಗ ಉಳಿಸುವುದು ಬಿಸಿಪಿ 47 ಟ್ಯಾಗ್ ಮಾತ್ರ, ಹೈಫನ್ ರೂಪದಲ್ಲಿ. ಹೊರಗಿನಿಂದ ಬಂದ ಮೂಲ ಹೆಸರನ್ನು, ಅದು ಎಷ್ಟೇ ವಿಚಿತ್ರವಾಗಿರಲಿ, ಪಕ್ಕದಲ್ಲಿ ಹಾಗೇ ಇಡುತ್ತೇನೆ. ಎನ್‌ಕೋಡಿಂಗ್ ಭಾಷೆಯ ಗುಣವಲ್ಲ, ಅದನ್ನು ಬೇರೆ ಮಾಡಿ ಇಡುತ್ತೇನೆ. ‘@’ ನಂತರದ ಮಾತನ್ನು ಮಾತ್ರ ಒಂದೊಂದಾಗಿ ನೋಡಲೇಬೇಕು, ಅಲ್ಲಿ ಸುಲಭದ ದಾರಿಯಿಲ್ಲ. ‘@ಲ್ಯಾಟಿನ್’ ಎಂದರೆ ಲಿಪಿ, ಆದ್ದರಿಂದ ‘ಎಸ್‌ಆರ್_ಆರ್‌ಎಸ್@ಲ್ಯಾಟಿನ್’ ಎಂಬುದು ‘ಎಸ್‌ಆರ್-ಲ್ಯಾಟ್ನ್-ಆರ್‌ಎಸ್’ ಆಗಬೇಕು, ಲಿಪಿ ನಡುವೆ ಬರಬೇಕು. ‘@ವೆಲೆನ್ಸಿಯಾ’ ಎಂದರೆ ಕಟಲಾನ್ ಭಾಷೆಯ ಒಂದು ಪ್ರಭೇದ, ಅದು ಕೊನೆಯಲ್ಲಿ ಉಳಿಯಬೇಕು. ‘@ಯೂರೊ’ ಹಳೆಯ ಎನ್‌ಕೋಡಿಂಗ್ ಕಾಲದ ಉಳಿಕೆ, ಈಗ ಬಿಡಬಹುದು.

ಯಂತ್ರವನ್ನು ಕೇಳುವಾಗ ಆ ಟ್ಯಾಗ್‌ನಿಂದ ಆಗಿಂದಾಗಲೇ ಕೆಲವು ಹೆಸರುಗಳನ್ನು ಕಟ್ಟಿ, ಪೈಥಾನ್ ಮಾಡುವಂತೆ ಒಂದೊಂದಾಗಿ ಕೂಗುತ್ತೇನೆ. ಸಿಕ್ಕ ಮೇಲೆ ನಂಬುವುದಿಲ್ಲ. ಒಂದು ಕನ್ನಡ ಅಕ್ಷರವನ್ನು ಬೈಟುಗಳಿಂದ ಅಕ್ಷರಕ್ಕೆ ತಿರುಗಿಸಿ ನೋಡುತ್ತೇನೆ. ಮೂರು ಬೈಟ್ ಒಂದು ಅಕ್ಷರವಾಗಿ ಬಂದರೆ ಸರಿ. ಪದಗಳನ್ನು ಜೋಡಿಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್‌ನಿಂದ ತೆಗೆದು ಐಸಿಯು ಎಂಬ ಯುನಿಕೋಡ್ ಲೈಬ್ರರಿಗೆ ಕೊಟ್ಟಿದ್ದೇನೆ, ಅದು ತನ್ನ ನಿಯಮಗಳನ್ನು ತಾನೇ ಹೊತ್ತು ತರುತ್ತದೆ. ಏನೂ ಸಿಗದಿದ್ದರೆ ಯಾವ ಹೆಸರು ಕೇಳಿದೆ, ಅದು ಯಾವ ವೇರಿಯಬಲ್‌ನಿಂದ ಬಂತು, ಈಗ ಯಾವುದರಲ್ಲಿ ನಡೆಯುತ್ತಿದ್ದೇನೆ ಎಂದು ಪ್ರೋಗ್ರಾಮ್ ಒಂದು ಸಾಲು ಹೇಳುತ್ತದೆ. ಮೊದಲೇ ಈ ಸಾಲು ಇದ್ದಿದ್ದರೆ ಸ್ಕ್ರೀನ್‌ಶಾಟ್ ಕಳಿಸಿದವರು ತಾವೇ ಸರಿಮಾಡಿಕೊಳ್ಳುತ್ತಿದ್ದರು.

ಹೋದ ವಾರ ಪರೀಕ್ಷೆಗಳ ಪಟ್ಟಿಗೆ ‘ಕೆಎನ್-ಡಿಇ’ ಸೇರಿಸಿದೆ. ಕನ್ನಡ, ಜರ್ಮನಿ. ಗ್ಲಿಬ್‌ಸಿಯಲ್ಲಿ ಅಂಥ ಲೊಕೇಲ್ ಇಲ್ಲ, ಆದರೆ ಅಂಥ ಮನುಷ್ಯರು ಇದ್ದಾರೆ. ಬಲಗಡೆಯಿಂದ ಒಂದೊಂದೇ ತುಂಡು ಕಿತ್ತು ಹಿಂದೆ ಸರಿಯುವ ಮಾಮೂಲು ವಿಧಾನದಲ್ಲಿ ಮೊದಲು ಹೋಗುವುದು ‘ಡಿಇ’. ಉಳಿದ ‘ಕೆಎನ್’ ಒಂದನ್ನೇ ಕೊಟ್ಟರೆ, ದೇಶ ಭಾರತ ಎಂದು ಲೈಬ್ರರಿ ಊಹಿಸಿಕೊಳ್ಳುತ್ತದೆ. ಮೊದಲ ಸಲ ಓಡಿಸಿದಾಗ ಕ್ಯಾಲೆಂಡರ್ ಕನ್ನಡದಲ್ಲಿ ಚೆನ್ನಾಗಿಯೇ ಬಂತು, ಆದರೆ ವಾರ ಭಾನುವಾರ ಶುರುವಾಯಿತು. ಜರ್ಮನಿಯಲ್ಲಿರುವವರಿಗೆ ಸೋಮವಾರದಿಂದ ಶುರುವಾಗಬೇಕು. ಹೆಸರುಗಳನ್ನು ಭಾಷೆಯಿಂದ, ವಾರದ ಮೊದಲ ದಿನವನ್ನು ದೇಶದಿಂದ ತೆಗೆದುಕೊಳ್ಳುವಂತೆ ತಿದ್ದಿ ಮತ್ತೆ ಓಡಿಸಿದೆ. ಎಡತುದಿಯ ಮೊದಲ ಕಂಬಸಾಲಿನ ಮೇಲೆ ‘ಸೋಮ’ ಎಂದು ಬಂತು. ಸೆಟ್ಟಿಂಗ್ ಫೈಲ್ ತೆರೆದು ನೋಡಿದೆ, ಅದರಲ್ಲಿ ‘ಕೆಎನ್-ಡಿಇ’ ಹಾಗೇ ಇತ್ತು.